ಕಿರುತೆರೆಯ ಮೇಲೆ ಮೂರು ಮತಗಳು

ಮತೀಯ ಉಗ್ರವಾದವನ್ನು ಕುರಿತು ಅಮೆರಿಕದ ವಾರ್ತಾವಾಹಿನಿಗಳು ಒಂದೆರಡು ನಿಮಿಷ ಮಾತನಾಡಿ ಜಾಹೀರಾತಿಗೆ ಹೊರಳುವುದೇ ವಾಡಿಕೆ. ಇದಕ್ಕೆ ಅಪವಾದವೆಂಬಂತೆ 2007ರ ಆಗಸ್ಟ್ 21, 22 ಮತ್ತು 23ರಂದು ಸಿ.ಎನ್.ಎನ್. ವಾಹಿನಿಯು ರಾತ್ರಿಗೆ ಎರಡು ಗಂಟೆಯಂತೆ ‘ಗಾಡ್ಸ್ ವಾರಿಯರ್ಸ್’ ಎಂಬ ಸಾಕ್ಷ್ಯಚಿತ್ರವನ್ನು ಬಿತ್ತರಿಸಿತು. ನಿರೂಪಕಿ ಕ್ರಿಸ್ಟಿಯಾನ್ ಅಮಾನ್‌ಪೋರ್. ಮೊದಲ ರಾತ್ರಿ ಯೆಹೂದ್ಯರು, ಎರಡನೆಯ ರಾತ್ರಿ ಮುಸ್ಲಿಮರು, ಮೂರನೆಯ ರಾತ್ರಿ ಕ್ರೈಸ್ತರು. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಹಬ್ಬದ ಹೋಳಿಗೆಯನ್ನು ಮಕ್ಕಳಿಗೆ ಎಣಿಸಿ ಹಂಚುತ್ತಿದ್ದಂತೆ ಮೂವರಿಗೂ ಸಮಪಾಲು.

ಜೆರುಸಲೇಮಿನ ಬಂಡೆಯ ಮೇಲಣ ಚಿನ್ನದ ಗುಮ್ಮಟವನ್ನು ಸಿಡಿಸಲು ಸಂಚು ಹೂಡಿ 1984ರಲ್ಲಿ ಸಿಕ್ಕಿಬಿದ್ದ ಯೆಹೂದ್ಯರ ಗುಂಪು ಅದರಲ್ಲಿತ್ತು. 1966ರಲ್ಲಿ ಈಜಿಪ್ಟಿನಲ್ಲಿ ಗಲ್ಲಿಗೇರಿದ ಸಯ್ಯಿದ್ ಕುತ್ಬ್‌ನ ವಿಚಾರಗಳ ಪ್ರಸ್ತಾಪವಿತ್ತು. ಕೊನೆಯ ರಾತ್ರಿ, ವರ್ಜೀನಿಯದ ಲಿಂಚ್‌ಬರ್ಗಿನಲ್ಲಿ ಲಿಬರ್ಟಿ ವಿಶ್ವವಿದ್ಯಾಲಯವನ್ನು ಕಟ್ಟಿದ ಜೆರಿ ಫಾಲ್ವೆಲ್ ಅವರ ಸಂದರ್ಶನ. ಅವರು ಅದೇ ಮೇ 15ರಂದು ತೀರಿಕೊಂಡಿದ್ದರು. ಅದಕ್ಕೆ ಕೆಲವೇ ದಿನ ಮೊದಲು ಆಡಿದ ಮಾತುಗಳವು.

ಚಿತ್ರ ಮುಗಿಯುವ ಮುನ್ನವೇ ಆಕ್ಷೇಪಗಳು ಎದ್ದವು. ಇಸ್ರೇಲಿನ ನ್ಯಾಯಾಲಯವೇ ಶಿಕ್ಷಿಸಿದ ಬೆರಳೆಣಿಕೆಯ ಯೆಹೂದ್ಯರನ್ನು ದೇಶದೇಶಗಳಲ್ಲಿ ಹರಡಿದ ಜಿಹಾದಿ ಸಂಘಟನೆಗಳೊಡನೆ ಸಮತೂಕದಲ್ಲಿ ಇಡಬಹುದೇ ಎಂಬುದೊಂದು. ಮತಪೆಟ್ಟಿಗೆಯ ಮೂಲಕ ಕಾನೂನು ಬದಲಿಸಬಯಸುವ ಪಾದ್ರಿಯನ್ನೂ ಬಾಂಬು ಕಟ್ಟಿಕೊಂಡವನನ್ನೂ ‘ಯೋಧ’ನೆಂಬ ಒಂದೇ ಹೆಸರಿನಿಂದ ಕರೆಯಬಹುದೇ ಎಂಬುದು ಮತ್ತೊಂದು. ಎರಡೂ ಹುರುಳಿಲ್ಲದ ಮಾತುಗಳಲ್ಲ. ಗಂಟೆಗಳನ್ನು ಸಮನಾಗಿ ಹಂಚಿದ ಮಾತ್ರಕ್ಕೆ ನ್ಯಾಯ ಹಂಚಿದಂತಾಗದು. ಆದರೂ ಈ ಚಿತ್ರದ ಪರವಾಗಿ ಒಂದು ಮಾತು ಹೇಳಲೇಬೇಕು: ಇಲ್ಲಿ ಉಗ್ರರಿಗೆ ಹೆಸರಿತ್ತು, ಊರಿತ್ತು, ವಾದವಿತ್ತು. ದಿನನಿತ್ಯದ ವಾರ್ತೆಗಳಲ್ಲಿ ಅದೂ ಇರುವುದಿಲ್ಲ.

ನಮ್ಮ ಅಡುಗೆಮನೆಯ ಮೂಲೆಯಲ್ಲೊಂದು ಪುಟ್ಟ ಟಿ.ವಿ. ಇದೆ. ಮಿಕ್ಸರ್ ತಿರುಗುವಾಗ ಮಾತು ಕೇಳಿಸದು, ಚಿತ್ರ ಮಾತ್ರ ಕಾಣುತ್ತದೆ. ಹೀಗೆ ಮೂಕವಾಗಿ ವಾರ್ತೆ ನೋಡುವ ಗೃಹಿಣಿಯರಿಗೆ ಒಂದು ಸಂಗತಿ ಬೇಗ ಹೊಳೆಯುತ್ತದೆ. ಎಲ್ಲಿಯೋ ಒಬ್ಬ ಮುಸ್ಲಿಮನು ಹಿಂಸೆ ಎಸಗಿದ್ದರೆ, ತೆರೆಯ ಮೇಲೆ ಸಾಲುಸಾಲಾಗಿ ಬಾಗಿದ ಬೆನ್ನುಗಳು: ನಮಾಜು ಮಾಡುತ್ತಿರುವ ನೂರಾರು ಜನ, ಹಿಂದಿನಿಂದ ತೆಗೆದ ಚಿತ್ರ. ಯೆಹೂದ್ಯನಾದರೆ ಜೆರುಸಲೇಮಿನ ಗೋಡೆಯ ಮುಂದೆ ಕಪ್ಪು ಟೋಪಿಗಳು. ಕ್ರೈಸ್ತನಾದರೆ ಒಂಟಿ ಮುಖ. ಪೊಲೀಸರು ತೆಗೆದ ಭಾವಚಿತ್ರವೋ, ಶಾಲಾ ದಿನಗಳ ಫೋಟೋವೋ. ಅವನ ಹಿಂದೆ ಇಗರ್ಜಿ ಕಾಣುವುದಿಲ್ಲ, ಮೊಣಕಾಲೂರಿದ ಜನಸಮೂಹವಂತೂ ಇಲ್ಲವೇ ಇಲ್ಲ. ಆ ಬಾಗಿದ ಬೆನ್ನುಗಳ ಒಡೆಯರು ಯಾರಿಗೂ ಕೇಡು ಬಗೆದವರಲ್ಲ. ಮಧ್ಯಾಹ್ನದ ಪ್ರಾರ್ಥನೆಗೆ ಬಂದು ಅಂಗಡಿಗೋ ಕಚೇರಿಗೋ ಮರಳಿದವರು. ಅವರ ಚಿತ್ರ ಮಾತ್ರ ವರ್ಷಗಟ್ಟಲೆ ಪರರ ಪಾಪದ ಹಿನ್ನೆಲೆಯಾಗಿ ಓಡುತ್ತಲೇ ಇರುತ್ತದೆ.

ಒಂಟಿ ಮುಖದ ಉದಾಹರಣೆಗೆ ದೂರ ಹೋಗಬೇಕಿಲ್ಲ. 1996ರ ಜುಲೈ 27ರ ನಡುರಾತ್ರಿ ಕಳೆದ ಮೇಲೆ ಅಟ್ಲಾಂಟದ ಒಲಿಂಪಿಕ್ ಉದ್ಯಾನದಲ್ಲಿ ಬಾಂಬು ಸಿಡಿಯಿತು. ಆಗ ಸಿ.ಎನ್.ಎನ್. ವಾಹಿನಿಯ ಕೇಂದ್ರ ಕಚೇರಿ ಇದ್ದದ್ದು ಆ ಉದ್ಯಾನಕ್ಕೆ ಎದುರಿಗೇ. ಮೊದಲು ಬಲಿಯಾದವನು ಬಾಂಬಿನ ಚೀಲವನ್ನು ಕಂಡು ಜನರನ್ನು ದೂರ ಸರಿಸಿದ ಕಾವಲುಗಾರ ರಿಚರ್ಡ್ ಜ್ಯುವೆಲ್. ಪತ್ರಿಕೆ, ಟಿ.ವಿ.ಗಳು ಅವನನ್ನೇ ಶಂಕಿತನೆಂದು ಮೂರು ತಿಂಗಳು ಬೇಟೆಯಾಡಿದವು. ನಿಜವಾದ ಅಪರಾಧಿ ಎರಿಕ್ ರುಡಾಲ್ಫ್. ಅವನು ಅಟ್ಲಾಂಟದಲ್ಲಿಯೂ ಅಲಬಾಮದ ಬರ್ಮಿಂಗ್‌ಹ್ಯಾಮಿನಲ್ಲಿಯೂ ಗರ್ಭಪಾತ ಚಿಕಿತ್ಸಾಲಯಗಳ ಮೇಲೆ ಬಾಂಬಿಟ್ಟು, ‘ದೇವರ ಸೇನೆ’ಯ ಹೆಸರಿನಲ್ಲಿ ಪತ್ರ ಬರೆದವನು. ಐದು ವರ್ಷ ಉತ್ತರ ಕೆರೊಲಿನದ ಪಶ್ಚಿಮದ ಬೆಟ್ಟಗಾಡಿನಲ್ಲಿ ಅಡಗಿದ್ದು, 2003ರ ಮೇ 31ರಂದು ಮರ್ಫಿ ಎಂಬ ಊರಿನಲ್ಲಿ, ದಿನಸಿ ಅಂಗಡಿಯ ಹಿಂದಣ ಕಸದ ತೊಟ್ಟಿಯ ಬಳಿ ಒಬ್ಬ ಎಳೆಯ ಪೊಲೀಸನ ಕೈಗೆ ಸಿಕ್ಕಿಬಿದ್ದ. ಗರ್ಭಪಾತಕ್ಕೆ ಸಮ್ಮತಿಯಿತ್ತ ಸರ್ಕಾರವನ್ನು ಜಗತ್ತಿನ ಮುಂದೆ ತಲೆತಗ್ಗಿಸುವಂತೆ ಮಾಡುವುದೇ ಒಲಿಂಪಿಕ್ ಬಾಂಬಿನ ಉದ್ದೇಶವೆಂದು 2005ರಲ್ಲಿ ಅವನೇ ಹೇಳಿಕೊಂಡ. ಇಷ್ಟಾದರೂ ಅವನಿಗೆ ಅಂಟಿದ ವಿಶೇಷಣಗಳು ‘ತಲೆಮರೆಸಿಕೊಂಡವನು’, ‘ಕಾಡಿನಲ್ಲಿ ಬದುಕಬಲ್ಲವನು’ ಎಂಬಂಥವು. ಆ ಬೆಟ್ಟದೂರುಗಳಲ್ಲಿ ‘ಓಡು ರುಡಾಲ್ಫ್ ಓಡು’ ಎಂಬ ಬರಹದ ಅಂಗಿಗಳು ಮಾರಾಟವಾದವು. ಅವನನ್ನು ಕ್ರೈಸ್ತ ಭಯೋತ್ಪಾದಕನೆನ್ನಬಹುದೇ ಎಂಬ ಪ್ರಶ್ನೆ ಬಂಧನದ ಬಳಿಕ ಕೇಳಿಬಂತು, ನಿಜ, ಪ್ರಶ್ನೆಯಾಗಿಯೇ ಉಳಿಯಿತು.

1995ರ ಏಪ್ರಿಲ್ 19ರಂದು ಓಕ್ಲಹೋಮಾ ನಗರದಲ್ಲಿ 168 ಜನ ಸತ್ತಾಗ ಇಂಥ ಸಂಕೋಚವೇನೂ ಅಡ್ಡ ಬರಲಿಲ್ಲ. ಅಪರಾಧಿ ಯಾರೆಂದು ತಿಳಿಯುವ ಮೊದಲೇ ತೆರೆಯ ಮೇಲಣ ತಜ್ಞರು ಮಧ್ಯಪ್ರಾಚ್ಯದತ್ತ ಬೊಟ್ಟು ಮಾಡಿದರು. ಜೋರ್ಡಾನ್ ಮೂಲದ ಅಮೆರಿಕನ್ ಪ್ರಜೆಯೊಬ್ಬನನ್ನು ಲಂಡನ್ನಿನಲ್ಲಿ ತಡೆದು ಹಿಂದಕ್ಕೆ ಕಳಿಸಲಾಯಿತು. ಬಾಂಬಿಟ್ಟವನು ಟಿಮತಿ ಮೆಕ್‌ವೇ, ಇದೇ ನೆಲದ ಮಾಜಿ ಸೈನಿಕ.

ಇದರಿಂದ ನಮಗೇನು ಎನ್ನುವವರಿದ್ದಾರೆ. 2001ರ ಸೆಪ್ಟೆಂಬರ್ 15ರಂದು, ಅವಳಿ ಗೋಪುರಗಳು ಉರುಳಿದ ನಾಲ್ಕೇ ದಿನಕ್ಕೆ, ಅರಿಜೋನಾದಲ್ಲಿ ಪೆಟ್ರೋಲ್ ಅಂಗಡಿಯ ಮುಂದೆ ಗುಂಡಿಗೆ ಬಲಿಯಾದವರು ಒಬ್ಬ ಸಿಖ್ಖರು. ಕೊಂದವನು ಅವರ ಧರ್ಮ ಯಾವುದೆಂದು ಕೇಳಲಿಲ್ಲ. ಪೇಟ, ಗಡ್ಡ, ಮೈಬಣ್ಣ ಸಾಕಾದವು. ಕುಂಕುಮಕ್ಕೂ ಜುಬ್ಬಕ್ಕೂ ಅಂಥವನು ಅರ್ಥ ಕೇಳಿ ತಿಳಿದುಕೊಳ್ಳುತ್ತಾನೆಯೇ?

ವಾಷಿಂಗ್ಟನ್ನಿಗೆ ಹತ್ತಿರದ ಸಿಲ್ವರ್ ಸ್ಪ್ರಿಂಗಿನಲ್ಲಿ ನ್ಯೂ ಹ್ಯಾಂಪ್‌ಷೈರ್ ಅವೆನ್ಯೂ ಎಂಬ ರಸ್ತೆಯಿದೆ. ಮಂಗಲ ಮಂದಿರಕ್ಕೆ ಹೋಗಿಬಂದವರಿಗೆ ಅದು ಪರಿಚಿತ. ಕೆಲವೇ ಮೈಲುಗಳೊಳಗೆ ಮಸೀದಿ, ಕಾಂಬೋಡಿಯನ್ನರ ಬೌದ್ಧ ವಿಹಾರ, ಉಕ್ರೇನಿಯನ್ನರ ಇಗರ್ಜಿ, ನಮ್ಮ ಮಂದಿರ, ಇನ್ನೂ ಹತ್ತಾರು ಆರಾಧನಾ ಸ್ಥಳಗಳು. ವರ್ಜೀನಿಯದ ರೆಸ್ಟನ್ನಿನಲ್ಲಿಯಂತೂ ಶುಕ್ರವಾರದ ನಮಾಜಿಗೆ ಸ್ಥಳ ಸಾಲದಾದಾಗ ಯೆಹೂದ್ಯರು ತಮ್ಮ ಸಿನಗಾಗ್‌ನಲ್ಲಿಯೇ ಜಾಗ ಕೊಟ್ಟರು. ಒಮ್ಮೊಮ್ಮೆ ಇಂಥವೂ ಸುದ್ದಿಯಾಗುವುದುಂಟು, ಹಬ್ಬದ ಮರುದಿನದ ತಂಗಳಂತೆ, ವಾರ್ತೆಯ ತುದಿಯಲ್ಲಿ. ಕೋಪಕ್ಕೆ ಚಿತ್ರವಿದೆ, ಸೈರಣೆಗೆ ಚಿತ್ರವಿಲ್ಲ; ಇಪ್ಪತ್ನಾಲ್ಕು ಗಂಟೆಯೂ ನೋಡುಗರನ್ನು ಹಿಡಿದಿಡಬೇಕಾದ ವಾಹಿನಿಗೆ ಯಾವುದು ಬೇಕೆಂದು ಹೇಳಬೇಕಾಗಿಲ್ಲ.

ಇನ್ನು ನಮ್ಮ ಮಾತು. ಕಾವೇರಿ, ನೃಪತುಂಗ, ಸಂಪಿಗೆ ಎಂದು ಚೆಲುವಾದ ಹೆಸರಿಟ್ಟುಕೊಂಡ ನಮ್ಮ ಕೂಟಗಳಲ್ಲಿ, ಅನ್ಯರ ಮತವನ್ನು ಸೈರಿಸಬಲ್ಲುದೇ ನಿಜವಾದ ಸಂಪತ್ತೆಂದ ಕವಿರಾಜಮಾರ್ಗದ ಮಾತು ವೇದಿಕೆಯ ಮೇಲೆ ಕೇಳುತ್ತಲೇ ಇರುತ್ತದೆ. ವೇದಿಕೆಯಿಂದಿಳಿದು ಊಟದ ತಟ್ಟೆ ಹಿಡಿದಾಗ ಸಂಭಾಷಣೆ ಬೇರೆ. “ಅವರೆಲ್ಲ ಹಾಗೆಯೇ ರೀ, ಟಿ.ವಿ.ಯಲ್ಲಿ ನೋಡಲಿಲ್ಲವೇ?” ಬಿಸಿಬೇಳೆಭಾತಿನ ಜೊತೆಗೆ ಈ ಮಾತೂ ಸಲೀಸಾಗಿ ಇಳಿಯುತ್ತದೆ.

2017ರ ಮಾರ್ಚಿನಲ್ಲಿ ಇದೇ ಸಿ.ಎನ್.ಎನ್. ‘ಬಿಲೀವರ್’ ಎಂಬ ಹೊಸ ಸರಣಿಯನ್ನು ಆರಂಭಿಸಿತು. ನಿರೂಪಕ ರೆಜಾ ಅಸ್ಲಾನ್. ಮೊದಲ ಕಂತಿನಲ್ಲಿಯೇ ಕಾಶಿಯ ಅಘೋರಿಗಳು, ಸ್ಮಶಾನ, ಕಪಾಲ, ನರಮಾಂಸ. ಅಂದು ನಮ್ಮವರ ದೂರವಾಣಿಗಳಿಗೆ ಬಿಡುವಿರಲಿಲ್ಲ. ಎಲ್ಲಿಯ ಅಘೋರಿ, ಎಲ್ಲಿಯ ನಾವು? ಬೆರಳೆಣಿಕೆಯ ವಿರಕ್ತರನ್ನು ತೋರಿಸಿ ಕೋಟ್ಯಂತರ ಜನರ ಧರ್ಮವನ್ನು ಅಳೆಯುವುದೇ? ನಾಳೆ ಶಾಲೆಯಲ್ಲಿ ಮಕ್ಕಳನ್ನು ಏನೆಂದು ಕೇಳುವರೋ! ಹಿಂದೂ ಸಂಘಟನೆಗಳು ಪ್ರತಿಭಟಿಸಿದವು. ಸಂಸತ್ ಸದಸ್ಯೆಯಾಗಿದ್ದ ತುಳಸಿ ಗಬ್ಬಾರ್ಡ್ ಖಂಡಿಸಿದರು. ಆ ಪ್ರಶ್ನೆಗಳೆಲ್ಲ ಸರಿಯಾದವೇ. ಪದವೊಂದನ್ನು ಬದಲಿಸಿದರೆ ಮಸೀದಿಯ ತಾಯಂದಿರೂ ಸಿನಗಾಗಿನ ಅಜ್ಜಂದಿರೂ ಹತ್ತು ವರ್ಷ ಮೊದಲೇ ಕೇಳಿದ್ದ ಪ್ರಶ್ನೆಗಳವು. ಆಗ ಅವರ ದನಿಗೆ ದನಿಗೂಡಿಸಲು ನಮ್ಮ ಯಾವ ಕೂಟವೂ ಎದ್ದುನಿಂತ ನೆನಪು ನನಗಿಲ್ಲ.

‘ಬಿಲೀವರ್’ ಸರಣಿ ಅದೇ ಜೂನ್ ತಿಂಗಳಲ್ಲಿ ನಿಂತುಹೋಯಿತು. ನಮ್ಮ ಪ್ರತಿಭಟನೆಯಿಂದಲ್ಲ, ನಿರೂಪಕರು ಅಂದಿನ ಅಧ್ಯಕ್ಷ ಟ್ರಂಪ್ ಅವರನ್ನು ಟ್ವಿಟರ್‌ನಲ್ಲಿ ಹೊಲಸು ಮಾತಿನಿಂದ ಬೈದುದಕ್ಕಾಗಿ.