ಹೊಳೆಯಾಚೆ

ನಮ್ಮ ಮನೆಯಲ್ಲಿ 'ಹೊಳೆಯಾಚೆ' ಅಂದರೆ ಒಂದೇ ಅರ್ಥ, ಅಜ್ಜನ ಮನೆ. ಆ ಊರಿಗೆ ಹೆಸರಿದೆ, ಪಂಚಾಯ್ತಿ ಬೋರ್ಡಿದೆ, ಪಿನ್‌ಕೋಡೂ ಇದೆ. ಆದರೂ ಅಮ್ಮ ಅದನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. "ಹೊಳೆಯಾಚೆಯಿಂದ ಫೋನ್ ಬಂದಿತ್ತು", "ಹೊಳೆಯಾಚೆ ಈ ಸಲ ಅಡಿಕೆಗೆ ಕೊಳೆ ಬಂದಿದೆಯಂತೆ"... ಹೀಗೇ. ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ, ತುಮರಿಯಿಂದ ಒಂದಷ್ಟು ಒಳಗೆ, ಮೂರು ಮನೆಗಳ ಒಂದು ಕೇರಿ. ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಹೋದವರಿಗೆ ಆ ಕಡೆಯ ದಾರಿ ಗೊತ್ತಿರುತ್ತದೆ.

ಹೊಳೆ ಅಂದರೆ ಶರಾವತಿ. ನಾವು ಅಭ್ಯಾಸಬಲದಿಂದ ಹೊಳೆ ಅನ್ನುತ್ತೇವೆ ಅಷ್ಟೇ, ಅದು ಲಿಂಗನಮಕ್ಕಿಯ ಹಿನ್ನೀರು. 1964ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಅಜ್ಜನಿಗೆ ಇಪ್ಪತ್ತು ವರ್ಷ. ಹೊಳೆದಂಡೆಯಲ್ಲಿದ್ದ ಹಳೇ ಮನೆ, ಗದ್ದೆ, ತೋಟ ಎಲ್ಲ ನೀರಿನಡಿ ಹೋದವು. ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಶಿವಮೊಗ್ಗದ ಕಡೆಗೆಲ್ಲ ಚೆದುರಿಹೋದರೆ, ನಮ್ಮ ಅಜ್ಜನ ಅಪ್ಪ ಮಾತ್ರ ಅಲ್ಲೇ ಮೇಲಿನ ಗುಡ್ಡದ ಓರೆಗೆ ಮನೆ ಕಟ್ಟಿದರು. ಕಂಬ, ಬಾಗಿಲು, ದೇವರ ಪೀಠ ಹಳೇ ಮನೆಯದ್ದೇ. ಗಾಡಿಯಲ್ಲಿ ಹೇರಿಕೊಂಡು ಬಂದದ್ದು. ಮನೆ ಉಳಿಯಿತು, ಆದರೆ ಸಾಗರ ಪೇಟೆಗೆ ಹೋಗುವ ದಾರಿ ನೀರಾಯಿತು.

ಅಜ್ಜ ಈ ವಿಷಯಕ್ಕೆ ಕಣ್ಣೀರು ಹಾಕಿದ್ದನ್ನು ನಾನು ನೋಡಿಲ್ಲ. ಕೇಳಿದರೆ "ನೀರು ಕೇಳ್ಕ್ಯಂಡು ಬತ್ತಾ ತಮಾ?" ಅಂತ ಕವಳದ ಬಟ್ಟಲು ಹತ್ತಿರ ಎಳೆದುಕೊಳ್ಳುತ್ತಿದ್ದರು. ಅವರಿಗೆ ಇಷ್ಟವಾದ ಕತೆಯೇ ಬೇರೆ. ಲಿಂಗನಮಕ್ಕಿಗಿಂತ ಮೊದಲು ಅದೇ ಹೊಳೆಗೆ ಹಿರೇಭಾಸ್ಕರ ಅಂತ ಒಂದು ಅಣೆಕಟ್ಟು ಕಟ್ಟಿದ್ದರು, 1948ರ ಸುಮಾರಿಗೆ. ಲಿಂಗನಮಕ್ಕಿ ತುಂಬಿದಾಗ ಅದೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಇವತ್ತಿಗೂ ತಲೆ ಎತ್ತುತ್ತದೆ. "ನಮ್ಮನ್ನಷ್ಟೇ ಅಲ್ಲ, ಸ್ವಂತ ಅಣ್ಣನ್ನೂ ಬಿಡಲ್ಲೆ ಅದು" ಅಂತ ಅಜ್ಜ ಗಟ್ಟಿಯಾಗಿ ನಗೋರು.

ನನಗೆ ಹೊಳೆ ಅಂದರೆ ಲಾಂಚು. ಏಪ್ರಿಲ್ ಹತ್ತನೇ ತಾರೀಖು ರಿಸಲ್ಟ್ ಬಂದ ಮಾರನೇ ದಿನವೇ ಶಿವಮೊಗ್ಗದಿಂದ ಅಮ್ಮ, ಅಕ್ಕ, ನಾನು ಬಸ್ ಹತ್ತುತ್ತಿದ್ದೆವು. ಸಾಗರದಲ್ಲಿ ಇಳಿದು ಬಸ್ ಬದಲಿಸಬೇಕು. ಆವಿನಹಳ್ಳಿ ದಾಟಿದ ಮೇಲೆ ನನಗೂ ಅಕ್ಕನಿಗೂ ಕಿಟಕಿಯ ಪಕ್ಕದ ಸೀಟಿಗೆ ಜಗಳ, ಮೊದಲು ನೀರು ಯಾರಿಗೆ ಕಾಣುತ್ತದೆ ಅಂತ. ಹೊಳೆಬಾಗಿಲಿನಲ್ಲಿ ಜನರನ್ನೆಲ್ಲ ಇಳಿಸಿ ಬಸ್ಸು ಖಾಲಿಯಾಗಿ, ದೊಡ್ಡ ಎಮ್ಮೆ ಕೆರೆಗೆ ಇಳಿದ ಹಾಗೆ ನಿಧಾನಕ್ಕೆ ಲಾಂಚಿನ ಮೇಲೆ ಹತ್ತುವುದು. ಬಸ್ಸೇ ದೋಣಿ ಹತ್ತುತ್ತದೆ ಅಂತ ಸ್ಕೂಲಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ! ಆಮೇಲೆ ಜೀಪು, ಬೈಕು, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರು, ಒಂದೊಂದು ಸಲ ಕರುವಿನ ಸಮೇತ ಹಸು. ಎಂಜಿನ್ನಿನ ಗುಡುಗುಡು, ಡೀಸೆಲ್ ವಾಸನೆ, ಕಂಬಿ ಹಿಡಿದು ಬಗ್ಗಿದರೆ ಮುಖಕ್ಕೆ ಸಿಡಿಯುವ ನೀರು. ಮೇ ತಿಂಗಳ ಹೊತ್ತಿಗೆ ನೀರು ಇಳಿದು, ಮುಳುಗಿದ ಕಾಡಿನ ಮರದ ಬೊಡ್ಡೆಗಳು ಕರ್ರಗೆ ಮೇಲೆ ಕಾಣುತ್ತಿದ್ದವು, ಯಾರೋ ಕುತ್ತಿಗೆ ತನಕ ನೀರಿನಲ್ಲಿ ನಿಂತ ಹಾಗೆ. ಆಚೆ ದಡ ಕಳಸವಳ್ಳಿಯಲ್ಲಿ ಅಜ್ಜ ಕೊಡೆ ಹಿಡಿದು ನಿಂತಿರೋರು, ಬಿಸಿಲಿದ್ದರೂ ಇಲ್ಲದಿದ್ದರೂ.

ಆಮೇಲಿನ ಎರಡು ತಿಂಗಳ ವರ್ಣನೆ ಶುರುಮಾಡಿದರೆ ಇದು ಮುಗಿಯುವುದಿಲ್ಲ. ಬೆಳಿಗ್ಗೆ ತೆಳ್ಳೇವು, ಜೋನಿಬೆಲ್ಲ. ಮಧ್ಯಾಹ್ನ ಅಪ್ಪೆಹುಳಿ ಕುಡಿದು ಅಂಗಳದ ಅಟ್ಟದಡಿ ನಿದ್ದೆ. ಹಲಸಿನ ಹಪ್ಪಳಕ್ಕೆ ಕಾಗೆ ಕಾಯುವ ಕೆಲಸ ನಮ್ಮದು. ಹಸಿ ಹಪ್ಪಳ ಕಾಗೆಗಿಂತ ನಾವೇ ಜಾಸ್ತಿ ತಿಂದೆವು ಅಂತ ಅಮ್ಮಮ್ಮನ ದೂರು. ಕರೆಂಟು ಇದ್ದರೂ ಇಲ್ಲದ ಹಾಗೆ. ಇದೊಂದು ನನಗೆ ಈಗಲೂ ತಮಾಷೆ ಅನ್ನಿಸುತ್ತದೆ. ಇವರ ಗದ್ದೆಯ ಮೇಲೆ ನಿಂತ ನೀರಿನಿಂದ ತಿರುಗುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಬೆಂಗಳೂರಲ್ಲಿ ನಾನು ಎಸಿ ಆಫೀಸಿನಲ್ಲಿ ಕೂತು ಕೋಡ್ ಬರೆಯುವುದರಲ್ಲೂ ಅದರದೊಂದು ಪಾಲಿದೆ. ಅಜ್ಜನ ಮನೆಯಲ್ಲಿ ಮಾತ್ರ ಸಂಜೆ ಏಳಕ್ಕೆ ಲಾಟೀನು ಒರೆಸಿಡುವುದು ನಿಯಮ.

ಇಷ್ಟೆಲ್ಲ ಯಾಕೆ ನೆನಪಾಯಿತು ಅಂದರೆ, 2025ರ ಡಿಸೆಂಬರಿನಲ್ಲಿ ನಾವೆಲ್ಲ ಒಟ್ಟಿಗೆ ಹೊಳೆಯಾಚೆ ಹೋಗಿಬಂದೆವು. ಅಪ್ಪ, ಅಮ್ಮ, ಅಕ್ಕ, ಭಾವ, ಅವರ ಐದು ವರ್ಷದ ಪುಟ್ಟ, ಮತ್ತೆ ನಾನು. ಅಮ್ಮಮ್ಮ ತೀರಿಕೊಂಡ ಮೇಲೆ ಹೀಗೆ ಎಲ್ಲರೂ ಸೇರಿ ಹೋದದ್ದೇ ಇಲ್ಲ. ಒಬ್ಬರಿಗೆ ರಜೆ ಇದ್ದರೆ ಇನ್ನೊಬ್ಬರಿಗೆ ರಿಲೀಸು. ಈ ಸಲ ಅಕ್ಕನೇ ಹಟ ಹಿಡಿದಳು. ಅಷ್ಟರಲ್ಲಿ ಸೇತುವೆಯೂ ಆಗಿಬಿಟ್ಟಿತ್ತು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ, ಜನರ ಬಾಯಲ್ಲಿ ಸಿಗಂದೂರು ಸೇತುವೆ. 2025ರ ಜುಲೈ 14ಕ್ಕೆ ಉದ್ಘಾಟನೆ ಆಯಿತು. ಉದ್ದ 2.44 ಕಿಲೋಮೀಟರು, ಖರ್ಚು 470 ಕೋಟಿಗೂ ಮೇಲೆ. ಮಧ್ಯದ ಭಾಗವನ್ನು ಎತ್ತರದ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಕೇಬಲ್ಲುಗಳು ಹಿಡಿದಿವೆ. ಕಂಬದ ಎರಡೂ ಬದಿಗೆ ಸಮನಾಗಿ ಎಳೆತ ಬರುವ ಹಾಗೆ ಕಟ್ಟಿರುತ್ತಾರೆ, ತಕ್ಕಡಿಯ ಹಾಗೆ, ಅಂತ ಪುಟ್ಟನಿಗೆ ವಿವರಿಸಿದೆ. "ಮಾಮಾ ನೀನು ಕಟ್ಟಿದ್ದಾ?" ಅಂದ. ಎಂಜಿನಿಯರ್ ಅಂದರೆ ಎಲ್ಲ ಕಟ್ಟುತ್ತಾರೆ ಅಂತ ಅವನ ಲೆಕ್ಕ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್ ಕಣೋ, ನಾನು ಕಟ್ಟಿದ್ದು ಯಾವುದೂ ಎರಡು ವರ್ಷದ ಮೇಲೆ ನಿಂತಿಲ್ಲ ಅಂತ ಹೇಳೋಣ ಅಂದುಕೊಂಡೆ. :-)

ಸೇತುವೆ ಹತ್ತುವ ಮೊದಲು ಹಳೇ ಲಾಂಚಿನ ಜಾಗ ಪುಟ್ಟನಿಗೆ ತೋರಿಸಬೇಕು ಅಂತ ನನ್ನ ಆಸೆ. ಭಾವ ಕಾರನ್ನು ಹೊಳೆಬಾಗಿಲಿನ ಹಳೇ ರಸ್ತೆಗೆ ಇಳಿಸಿದರು. ನೀರಿನ ಮೇಲೆ ಲಾಂಚ್ ಎಲ್ಲೂ ಕಾಣಲಿಲ್ಲ. ಸದ್ದೂ ಇಲ್ಲ. ಮಂಡಕ್ಕಿ, ಕಡಲೆಕಾಯಿ ಮಾರುವವರು ಇಲ್ಲ. ನೀರು ಮಾತ್ರ ತುಂಬಿಕೊಂಡು ತಣ್ಣಗಿತ್ತು, ಬೊಡ್ಡೆಗಳೆಲ್ಲ ಅಡಿಗೆ. ನಾನು ಪುಟ್ಟನಿಗೆ ಕೈ ಮಾಡಿ ತೋರಿಸುತ್ತಿದ್ದೆ, ಇಲ್ಲಿಂದ ಬಸ್ ಹತ್ತುತ್ತಿತ್ತು, ಅಲ್ಲಿ ಹಗ್ಗ ಕಟ್ಟುತ್ತಿದ್ದರು ಅಂತ. ಅವನಿಗೆ ಕಲ್ಲು ಸಿಕ್ಕಿದ್ದೇ ಸಿಕ್ಕಿದ್ದು, ನೀರಿಗೆ ಎಸೆಯುವುದರಲ್ಲಿ ಮುಳುಗಿಹೋದ. ನನಗೆ ಸ್ವಲ್ಪ ಗಂಟಲು ಕಟ್ಟಿದ ಹಾಗಾಯಿತು. ಅಮ್ಮನನ್ನು ಕರೆಯೋಣ ಅಂತ ತಿರುಗಿದರೆ ಅಮ್ಮ ಕಾರಿನಿಂದ ಇಳಿದೇ ಇರಲಿಲ್ಲ.

"ಬಿಡು, ಅವಳು ಇಲ್ಲಿ ಇಳಿಯಲ್ಲ" ಅಂದರು ಅಪ್ಪ. ಆಮೇಲೆ ಒಂದು ಖಾಲಿ ಜಾಗಕ್ಕೆ ಗಲ್ಲ ಎತ್ತಿ ತೋರಿಸಿ, "ಅಲ್ಲೊಂದು ಚಾದಂಗಡಿ ಇತ್ತಲ್ಲ, ಅದರ ಬೆಂಚಿನ ಮೇಲೆ ನಾವಿಬ್ಬರೂ ಒಂದಿಡೀ ರಾತ್ರಿ ಕೂತಿದ್ವಿ" ಅಂದರು.

ಅಜ್ಜ ತೀರಿಕೊಂಡದ್ದು 2009ರ ಜುಲೈನಲ್ಲಿ. ನನಗೆ ಹನ್ನೊಂದು ವರ್ಷ. ಅಕ್ಕನನ್ನೂ ನನ್ನನ್ನೂ ಪಕ್ಕದ ಮನೆಯಲ್ಲಿ ಬಿಟ್ಟು ಅಪ್ಪ ಅಮ್ಮ ಹೋಗಿದ್ದರು, ಅಷ್ಟು ಗೊತ್ತು. ಗೊತ್ತಿಲ್ಲದ್ದನ್ನು ಅಪ್ಪ ಅಲ್ಲಿ ನಿಂತು ಹೇಳಿದರು. ಮಧ್ಯಾಹ್ನ ಮೂರಕ್ಕೆ ಮಾವನ ಫೋನು, ಅಜ್ಜನಿಗೆ ತೀರಾ ಜೋರಾಗಿದೆ ಅಂತ. ಸಿಕ್ಕ ಬಸ್ ಹತ್ತಿ ಸಾಗರಕ್ಕೆ, ಅಲ್ಲಿಂದ ಇಲ್ಲಿಗೆ. ಮಳೆ, ರಸ್ತೆಯಲ್ಲಿ ಮರ ಬಿದ್ದಿತ್ತು. ಹೊಳೆಬಾಗಿಲಿಗೆ ಬಂದಾಗ ಏಳು ದಾಟಿತ್ತು, ಕೊನೇ ಲಾಂಚ್ ಹೋಗಿಯಾಗಿತ್ತು. ರಾತ್ರಿ ಲಾಂಚ್ ಬಿಡುವ ಕ್ರಮವೇ ಇರಲಿಲ್ಲ. ಹೊಸನಗರ, ನಗರ, ನಿಟ್ಟೂರು ಸುತ್ತಿ ಹೋಗೋಣ ಅಂದರೆ ಆ ಮಳೆಯಲ್ಲಿ, ಆ ಹೊತ್ತಿನಲ್ಲಿ, ಅಲ್ಲಿ ಯಾವ ಗಾಡಿ ಸಿಗಬೇಕು? ಚಾದಂಗಡಿಯವರು ಕಂಬಳಿ ಕೊಟ್ಟರು, ಬೆಳಗಿನ ತನಕ ಒಲೆ ಆರಿಸಲಿಲ್ಲ. ಆಚೆ ದಡದಲ್ಲಿ ಒಂದೇ ಒಂದು ದೀಪ ಕಾಣುತ್ತಿತ್ತಂತೆ, ಮಳೆ ಜೋರಾದರೆ ಅದೂ ಇಲ್ಲ. ಅಜ್ಜ ಹೋದದ್ದು ಬೆಳಗಿನ ಜಾವ ಮೂರಕ್ಕೆ. ಅಮ್ಮ ಮೊದಲನೇ ಲಾಂಚ್ ದಾಟಿ ಮನೆ ಮುಟ್ಟುವ ಹೊತ್ತಿಗೆ ಎಂಟಾಗಿತ್ತು. "ರಾತ್ರಿಯಿಡೀ ಎರಡು ಸಲ ಕೇಳಿದ್ರು ಅಂತೆ, ಲಾಂಚ್ ಬಂತಾ ಅಂತ" ಅಂದರು ಅಪ್ಪ. ಮತ್ತೆ ಮಾತಾಡಲಿಲ್ಲ.

ಆ ಮೇಲೂ ಅಮ್ಮ ಪ್ರತಿ ಬೇಸಿಗೆ ನಮ್ಮನ್ನು ಅದೇ ಲಾಂಚಿನಲ್ಲಿ ಕರೆದುಕೊಂಡು ಹೋಗಿದ್ದಾಳೆ. ನಾವು ಕಂಬಿ ಹಿಡಿದು ಕುಣಿಯುವಾಗ ಅವಳು ಬಸ್ಸಿನ ಒಳಗೇ ಕೂತಿರುತ್ತಿದ್ದಳು. ಅವಳಿಗೆ ನೀರು ಅಂದರೆ ತಲೆ ಸುತ್ತುತ್ತದೆ ಅಂತ ನಮಗೆ ಹೇಳಿದ್ದರು.

ಸೇತುವೆ ದಾಟಲು ಎಷ್ಟು ಹೊತ್ತು ಬೇಕು? ಮೂರು ನಿಮಿಷ. ನಾನು ಮೊಬೈಲ್ ತೆಗೆದು ವೀಡಿಯೋ ಹಿಡಿಯುವಷ್ಟರಲ್ಲಿ ಅರ್ಧ ಮುಗಿದಿತ್ತು. ಅಮ್ಮ ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುತ್ತಿದ್ದಳು, ನೀರಿನ ಕಡೆ ಅಲ್ಲ. ಕಳಸವಳ್ಳಿ ಬಂದಾಗ "ಇಷ್ಟೇಯಾ?" ಅಂದಳು. ಅದೊಂದೇ ಮಾತು. ಖುಷಿಯಲ್ಲಿ ಅಂದಳೋ ಸಿಟ್ಟಿನಲ್ಲಿ ಅಂದಳೋ, ಅವತ್ತಿಂದ ಎಷ್ಟು ಸಲ ಯೋಚಿಸಿದರೂ ನನಗೆ ತಿಳಿದಿಲ್ಲ.

ಮನೆಯಲ್ಲಿ ಕೊನೆಕೊಯ್ಲು ನಡೆದಿತ್ತು. ಅಂಗಳದ ತುಂಬ ಬೇಯಿಸಿದ ಅಡಿಕೆ, ಚೊಗರಿನ ವಾಸನೆ. ಅತ್ತೆ "ಆಸ್ರಿಗೆ ಎಂತ ಕೊಡ್ಲಿ?" ಅಂತ ಕೇಳಿದ್ದೇ ತಡ, ನನ್ನ ವಯಸ್ಸು ಹದಿನೈದು ವರ್ಷ ಇಳಿಯಿತು. ಮನೆ ಮೊದಲಿಗಿಂತ ಚಿಕ್ಕದಾಗಿ ಕಂಡಿತು, ಅದು ಎಲ್ಲರಿಗೂ ಹಾಗೇ ಬಿಡಿ. ಹಳೇ ಮನೆಯಿಂದ ಬಂದ ಬಾಗಿಲು ಮಾತ್ರ ಅಷ್ಟೇ ದೊಡ್ಡದು. ಈಗಲೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಪುಟ್ಟ ಬಚ್ಚಲೊಲೆಯ ಹಂಡೆ ನೋಡಿ "ಗೀಸರ್ ಎಲ್ಲಿ?" ಅಂದದ್ದು, ತೋಟದ ಸಂಕದ ಮೇಲೆ ಕಾಲಿಡಲು ಹೆದರಿ ಕೂತುಬಿಟ್ಟದ್ದು, ಎರಡನೇ ದಿನಕ್ಕೆ ಅದೇ ಸಂಕದ ಮೇಲೆ ಓಡಿದ್ದು, ಇವನ್ನೆಲ್ಲ ಅಕ್ಕ ಫೋನಿನಲ್ಲಿ ತುಂಬಿಕೊಂಡಿದ್ದಾಳೆ.

ಮಾವನ ಹತ್ತಿರ ಲಾಂಚಿನ ವಿಷಯ ತೆಗೆದೆ. ಅದನ್ನೊಂದು ನೆನಪಿಗಾದರೂ ಉಳಿಸಿಕೊಳ್ಳಬೇಕಿತ್ತಲ್ಲವಾ, ಆ ದಾಟುವ ಸುಖವೇ ಬೇರೆ ಅಂತ. ಮಾವ ಅಡಿಕೆ ಸುಲಿಯುವ ಕೈ ನಿಲ್ಲಿಸಲಿಲ್ಲ. "ನಿಂಗೆ ವರ್ಷಕ್ಕೆರಡು ಸಲ ದಾಟದು. ಸುಖನೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. ಸಂಜೆ ಆರರ ಮೇಲೆ ಈ ಊರಿನಲ್ಲಿ ಯಾರಿಗೂ ಏನೂ ಆಗಬಾರದು ಅಂತ ಇಷ್ಟು ವರ್ಷ ದೇವರಿಗೆ ಕೈ ಮುಗಿದು ಮಲಗುತ್ತಿದ್ದರಂತೆ. ಬಸುರಿಯರನ್ನು ತಿಂಗಳು ಮೊದಲೇ ಸಾಗರದ ನೆಂಟರ ಮನೆಗೆ ಕಳಿಸುವುದು. ಹೆಣ್ಣು ಕೊಡುವವರು ಜಾತಕಕ್ಕಿಂತ ಮೊದಲು ಹೊಳೆ ಯಾವ ಬದಿ ಅಂತ ಕೇಳುವುದು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಲಾಂಚಿಗೆ ಗಾಡಿ ಹತ್ತಿಸುವಂತಿಲ್ಲ, ಆಗ ಅಡಿಕೆ ಮಂಡಿಗೆ ಹೋಗಬೇಕಾದರೆ ಊರೆಲ್ಲ ಸುತ್ತಬೇಕು. ಹಾಗಂತ ಮಾವ ಸೇತುವೆಯನ್ನು ಹೊಗಳುತ್ತ ಕೂರುವವರೂ ಅಲ್ಲ. ಭಾನುವಾರ ಬಂತೆಂದರೆ ಸಿಗಂದೂರಿಗೆ ಬರುವ ಕಾರುಗಳ ಸಾಲು, ರಸ್ತೆ ಬದಿಗೆ ಬಾಟಲಿ, ಜಾಗ ಕೇಳಿಕೊಂಡು ಬರುವ ದಲ್ಲಾಳಿಗಳು. ಮುಳುಗಡೆಯವರಲ್ಲಿ ಎಷ್ಟೋ ಸಂಸಾರಗಳಿಗೆ ಉಳುವ ಜಾಗದ ಹಕ್ಕುಪತ್ರವೇ ಇನ್ನೂ ಸಿಕ್ಕಿಲ್ಲ. "ಸೇತುವೆಗೆ ಅರವತ್ತು ವರ್ಷ. ಕಾಗದಕ್ಕೆ ಇನ್ನೆಷ್ಟೋ" ಅಂತ ನಕ್ಕರು. ಅಜ್ಜನದೇ ನಗು.

ಮುಳುಗಡೆಯ ಬಗ್ಗೆ ಬರೆದವರು ಅಂದರೆ ನನಗೆ ಮೊದಲು ನೆನಪಾಗುವುದು ಸಾಗರದ ನಾ. ಡಿಸೋಜ. ಅವರ 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ ಸಿನೆಮಾ ಮಾಡಿದ್ದಾರೆ, ನೀವು ನೋಡಿರುತ್ತೀರಿ. ಅಮ್ಮ ಆ ಸಿನೆಮಾವನ್ನು ಟೀವಿಯಲ್ಲಿ ಅರ್ಧ ನೋಡಿ ಎದ್ದುಹೋಗಿದ್ದಳು. ಡಿಸೋಜ ತೀರಿಕೊಂಡದ್ದು 2025ರ ಜನವರಿಯಲ್ಲಿ, ಸೇತುವೆ ತೆರೆಯಲು ಇನ್ನು ಆರು ತಿಂಗಳಿದ್ದಾಗ. ಅವರು ಒಂದು ಸಲ ಅದರ ಮೇಲೆ ನಡೆಯಬೇಕಿತ್ತು ಅಂತ ನನಗೆ ಅನ್ನಿಸಿತು.

ಮೂರನೇ ದಿನ ಹೊರಡುವುದು ಅಂತ ಮಾತು. ಮೂರೂವರೆಗೆಲ್ಲ ನಾನು ಅಭ್ಯಾಸದಂತೆ ಬ್ಯಾಗು ತಂದು ಜಗುಲಿಯಲ್ಲಿಟ್ಟೆ. ಚಿಕ್ಕಂದಿನಿಂದ ಆ ಮನೆಯಿಂದ ಹೊರಡುವ ಹೊತ್ತು ಅಂದರೆ ಅದೇ. ನಾಲ್ಕಕ್ಕೆ ಬಿಡದಿದ್ದರೆ ಲಾಂಚ್ ತಪ್ಪೀತು ಅಂತ ಅಮ್ಮಮ್ಮನ ಗಡಿಬಿಡಿ, ಅರ್ಧ ಕುಡಿದ ಚಾ, ಅಂಗಳದಲ್ಲೇ ಕುಂಕುಮ, ಕಣ್ಣೊರೆಸಿಕೊಳ್ಳಲೂ ಸಮಯವಿಲ್ಲದ ಅವಸರ. ಅಪ್ಪನೂ ವಾಚು ನೋಡಿಕೊಂಡರು.

ಅಮ್ಮ ಅತ್ತೆಯ ಜೊತೆ ಒಳಗೆ ಮಾವಿನಮಿಡಿ ಭರಣಿ ತುಂಬಿಸಿಕೊಳ್ಳುತ್ತಿದ್ದವಳು ಹೊರಗೆ ಬಂದು ಬ್ಯಾಗು ನೋಡಿದಳು. "ಊಟ ಮಾಡ್ಕ್ಯಂಡೇ ಹೋಪನ. ಎಂತ ಗಡಿಬಿಡಿ?" ಅಂದಳು.

"ರಾತ್ರಿ ಊಟವಾ?" ಅಂದರು ಅಪ್ಪ.

"ಹೌದು, ರಾತ್ರಿ ಊಟ. ಈ ಮನೇಲಿ ರಾತ್ರಿ ಊಟ ಮಾಡಿ ಅವತ್ತೇ ಹೊರಟಿದ್ದು ಒಂದು ದಿನಾನೂ ಇಲ್ಲೆ ನಾನು."

ಅತ್ತೆ ಆಗಲೇ ಅಕ್ಕಿ ತೊಳೆಯಲು ಹೋಗಿದ್ದಳು. ಎಂಟಕ್ಕೆ ಊಟ ಆಯಿತು, ದೊಡ್ಡಪತ್ರೆ ತಂಬುಳಿ, ಹಪ್ಪಳ. ಪುಟ್ಟ ಮಾವನ ತೊಡೆಯ ಮೇಲೆ ನಿದ್ದೆ ಹೋದ. ಅಮ್ಮ ಜಗುಲಿಯಲ್ಲಿ ಕಾಲು ಚಾಚಿ ಕೂತು, ಅಜ್ಜನ ಕವಳದ ಬಟ್ಟಲಿನಿಂದ ಅಡಿಕೆ ತೆಗೆದು ನಿಧಾನಕ್ಕೆ ಕತ್ತರಿಸುತ್ತ, ಯಾವುದೋ ಮದುವೆಯ, ಯಾವುದೋ ಹಸುವಿನ ಕತೆ ಹೇಳುತ್ತಿದ್ದಳು. ಒಂಬತ್ತೂವರೆ ಆಯಿತು. ಹತ್ತಾಯಿತು. ಭಾವ ಎರಡು ಸಲ ಕಾರಿನ ಕೀಲಿ ಕೈಗೆ ತೆಗೆದುಕೊಂಡು ಮತ್ತೆ ಜೇಬಿಗೆ ಹಾಕಿಕೊಂಡರು. ಯಾರೂ ಅವಳಿಗೆ ಹೊತ್ತಾಯಿತು ಅನ್ನಲಿಲ್ಲ.