ಶೋಣಿತ್ ಮತ್ತು ಗುರುಜಿಯ ಫಂಡಿನ ರೊಕ್ಕ

ಹಳಗನ್ನಡ ಪಾಠ ಮಾಡುವಾಗ ‘ಶೋಣಿತ’ ಅಂದರೆ ರಕ್ತ ಎಂದು ಹಲಗೆಯ ಮೇಲೆ ಬರೆಯುತ್ತೇವಲ್ಲ, 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಿಗ್‌ಟಪಲ್ ಕಂಪನಿ ತನ್ನ ರಕ್ತಪರೀಕ್ಷೆಯ ತಂತ್ರಾಂಶಕ್ಕೆ ಅದೇ ಹೆಸರಿಟ್ಟಿದೆ: ಶೋಣಿತ್. ಕನ್ನಡ ಮಾಸ್ತರರಿಗೆ ಮೋಹ ಹುಟ್ಟಲು ಇಷ್ಟು ಸಾಕು!

ಲ್ಯಾಬಿನಲ್ಲಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೂರು ಬಿಳಿ ರಕ್ತಕಣ ಎಣಿಸಿ, ಯಾವ ಬಗೆಯವು ಎಷ್ಟು ಎಂದು ಬರೆಯುತ್ತಾರೆ. ಸ್ಲೈಡುಗಳು ಹೆಚ್ಚಾದರೆ ಕಣ್ಣು ಸೋಲುತ್ತದೆ. ಇಲ್ಲಿ ಯಂತ್ರವೇ ಪಟ್ಟಿಯನ್ನು ಸರಿಸುತ್ತ ಫೋಟೋ ತೆಗೆಯುತ್ತದೆ, ಕಂಪ್ಯೂಟರು ಕಣಗಳನ್ನು ವಿಂಗಡಿಸುತ್ತದೆ, ಕೊನೆಗೆ ಡಾಕ್ಟರು ನೋಡಿ ಒಪ್ಪುತ್ತಾರೆ. ಆ ಡಾಕ್ಟರು ಸೋಲಾಪುರದಲ್ಲೋ ಕಲಬುರಗಿಯಲ್ಲೋ ಕುಳಿತೇ ದುಧನಿಯ ಸ್ಲೈಡ್ ನೋಡಬಹುದು. ಜ್ವರದ ಮಗುವನ್ನು ಎತ್ತಿಕೊಂಡು ರೈಲಿಗೆ ಓಡುವ ತಾಯಂದಿರನ್ನು ಕಂಡ ನಮಗೆ ಇದು ಸಣ್ಣ ಮಾತಲ್ಲ.

ಆದರೆ ನಿವೃತ್ತಿಗೆ ಬಂದ ನಮ್ಮ ಗುರುಜಿಯೊಬ್ಬರು “ಫಂಡಿನ ರೊಕ್ಕ ಇಂಥಾದ್ರಾಗ ಹಾಕಿದ್ರ ಹ್ಯಾಂಗ್ರಿ?” ಅಂದಾಗ ನಾವು “ಬ್ಯಾಡ್ರಿ ಗುರುಜಿ” ಎಂದೆವು.

ಮೊದಲನೆಯದಾಗಿ ಅದು ಖಾಸಗಿ ಕಂಪನಿ. 2013ರ ಕಂಪನಿ ಕಾಯ್ದೆಯ ಪ್ರಕಾರ ಇಂಥ ಕಂಪನಿ ಊರ ಜನರನ್ನೆಲ್ಲ ಕರೆದು ಷೇರು ಮಾರುವಂತಿಲ್ಲ. ಇಂಥವುಗಳಲ್ಲಿ ಹಣ ಹೂಡುವ ಫಂಡುಗಳಿಗೆ ಸೇರಬೇಕೆಂದರೆ ಸಾಮಾನ್ಯವಾಗಿ ಕನಿಷ್ಠ ಒಂದು ಕೋಟಿ! ಸಿಗ್‌ಟಪಲ್‌ಗೆ ಹಣ ಹಾಕಿದವರು ಆಕ್ಸೆಲ್‌ನಂಥ ದೊಡ್ಡ ಕುಳಗಳು. ಅವರು ಹತ್ತು ಕಡೆ ಬಿತ್ತಿ ಎರಡು ಕಡೆ ಬೆಳೆ ಬಂದರೂ ಗೆದ್ದರು. ಗುರುಜಿಗೆ ಇರುವುದು ಒಂದೇ ಹೊಲ. “ಲಿಸ್ಟ್ ಆಗುವ ಮುಂಚೆಯೇ ಷೇರು ಕೊಡಿಸ್ತೀವಿ” ಎಂದು ಫೋನ್ ಮಾಡುವವರು, ಬೇಕಾದಾಗ ಅದನ್ನು ಕೊಳ್ಳುವವರು ಯಾರು ಎಂದು ಹೇಳುವುದಿಲ್ಲ.

ಅಮೆರಿಕದ ಥೆರಾನೋಸ್ ಕಥೆಯನ್ನೂ ಹೇಳಿದೆವು. ಬೆರಳ ತುದಿಯ ನಾಲ್ಕು ಹನಿಯಲ್ಲಿ ಹತ್ತಾರು ಪರೀಕ್ಷೆ ಎಂದು 2003ರಲ್ಲಿ ಹುಟ್ಟಿ, 900 ಕೋಟಿ ಡಾಲರ್ ಬೆಲೆಗೇರಿ, 2018ರಲ್ಲಿ ಮುಚ್ಚಿತು. ಒಡತಿ ಎಲಿಜಬೆತ್ ಹೋಮ್ಸ್ ವಂಚಕಿ ಎಂದು 2022ರಲ್ಲಿ ತೀರ್ಪಾಯಿತು. ಹಣ ಕಳಕೊಂಡವರಲ್ಲಿ ಪತ್ರಿಕಾ ದೊರೆ ರೂಪರ್ಟ್ ಮರ್ಡೋಕ್ ಒಬ್ಬರು. ಗುಟ್ಟು ಹೊರಗೆಳೆದದ್ದು ಅವರದೇ ಕಂಪನಿಯ ವಾಲ್ ಸ್ಟ್ರೀಟ್ ಜರ್ನಲ್, 2015ರಲ್ಲಿ!

ಬೆಂಗಳೂರಿನ ಯಂತ್ರದ ದಾರಿ ಬೇರೆ, ಅದು ಹಳೆಯ ಸ್ಲೈಡನ್ನೇ ನೋಡುತ್ತದೆ, ತಪ್ಪಿದರೆ ಡಾಕ್ಟರ ಕಣ್ಣಿಗೆ ಬೀಳುತ್ತದೆ. ಆದರೂ ಯಂತ್ರ ಒಳ್ಳೆಯದೇ ಎನ್ನುವುದು ಒಂದು ಪ್ರಶ್ನೆ, ಅದನ್ನು ಸಣ್ಣ ಲ್ಯಾಬುಗಳು ಕೊಂಡಾವೇ ಎನ್ನುವುದು ಇನ್ನೊಂದು.

ಗುರುಜಿ ಈಗ ಅಂಚೆ ಕಚೇರಿಯಿಂದ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಫಾರ್ಮ್ ತಂದಿದ್ದಾರೆ. 2023ರಿಂದ ಅದರ ಮಿತಿ 30 ಲಕ್ಷ. ಕನ್ನಡ ಶಾಲೆಯ ಮಾಸ್ತರರಿಗೆ ಆ ಮಿತಿಯ ಚಿಂತೆ ಇಲ್ಲ ಬಿಡಿ.