ಕುಲುಮೆಯ ಊರಿನ ಉರುವಲಿನ ಲೆಕ್ಕ

ಶಿವಮೊಗ್ಗದ ತುಂಗೆಯನ್ನು ಬಿಟ್ಟು ಸುಮಾರು 20 ಕಿ.ಮೀ. ಸಾಗಿದರೆ ಭದ್ರೆಯ ದಂಡೆಯ ಭದ್ರಾವತಿ. 1918ರಲ್ಲಿ ಸ್ಥಾಪನೆಯಾದ ಇಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಕುಲುಮೆಗೆ ಮಲೆನಾಡಿನ ಮರದ ಇದ್ದಿಲೇ ಉರುವಲು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ವಿದ್ಯುತ್ತೂ ಬಿಟ್ಟಿಯಲ್ಲ: ಶರಾವತಿಗೆ 1964ರಲ್ಲಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರುಗಳೇ ಮುಳುಗಿವೆ.

ಸಾವಿರಾರು ಕಂಪ್ಯೂಟರುಗಳು ಹಗಲಿರುಳು ದುಡಿಯುವ ಇಂದಿನ ಡೇಟಾ ಸೆಂಟರುಗಳೂ ಒಂದು ಬಗೆಯ ಕುಲುಮೆಗಳೇ. ಪ್ರೊಸೆಸರ್ ನುಂಗಿದ ವಿದ್ಯುತ್ತೆಲ್ಲ ಶಾಖವಾಗುತ್ತದೆ. ತಣಿಸಲು ಮತ್ತಷ್ಟು ವಿದ್ಯುತ್ ಬೇಕು. ಆದ್ದರಿಂದ ಪ್ರೊಸೆಸರ್ ಆರಿಸುವಾಗ ವೇಗವೊಂದನ್ನೇ ನೋಡಿದರೆ ಸಾಲದು. ಒಂದು ವ್ಯಾಟಿಗೆ ಎಷ್ಟು ಕೆಲಸ ಮಾಡುತ್ತದೆ, ಕೆಲಸವಿಲ್ಲದಾಗ ಎಷ್ಟು ವಿದ್ಯುತ್ ಎಳೆಯುತ್ತದೆ ಎಂದೂ ಅಳೆಯಬೇಕು.

ಕಂಪ್ಯೂಟರ್ ಓದುವ ಮಕ್ಕಳನ್ನು ಪಾಲಕರು ಒಮ್ಮೆ ಭದ್ರಾವತಿಗೆ ಕರೆತರಲಿ. ಉರುವಲಿನ ಬೆಲೆ ಇಲ್ಲಿ ಬೇಗ ಅರ್ಥವಾಗುತ್ತದೆ.